ರೆಸೊನೆನ್ಸ್ ಟ್ಯೂಬ್‌ನಲ್ಲಿ ನನಗೆ 350 ಬಂತು, ಗೆಳತಿಗೆ 331 ಬಂತು. ಯಾರದ್ದು ಸರಿ?

ಪಿಯು_ಹುಡುಗಿ_ಕುಡ್ಲ:

ನಮಸ್ಕಾರ. ನಾನು ಮಂಗಳೂರಿನಲ್ಲಿ ಫಸ್ಟ್ ಪಿಯುಸಿ ಸೈನ್ಸ್. ಕಳೆದ ವಾರ ಲ್ಯಾಬ್‌ನಲ್ಲಿ ಗಾಳಿಯಲ್ಲಿ ಶಬ್ದದ ವೇಗ ಕಂಡುಹಿಡಿಯುವ ಪ್ರಯೋಗ ಇತ್ತು. ನೀರು ತುಂಬಿದ ಉದ್ದ ಕೊಳವೆ, ಪಕ್ಕದಲ್ಲಿ ಏರಿಸಿ ಇಳಿಸುವ ನೀರಿನ ಡಬ್ಬ, ಬಾಯಿಯ ಮೇಲೆ ಟ್ಯೂನಿಂಗ್ ಫೋರ್ಕ್ ಹಿಡಿದು ಶಬ್ದ ಎಲ್ಲಿ ಒಮ್ಮೆಲೇ ಜೋರಾಗುತ್ತದೆ ಎಂದು ಹುಡುಕುವುದು, ಅದೇ.

ನಾನೂ ಗೆಳತಿಯೂ ಒಂದೇ ಬ್ಯಾಚ್, ಒಂದೇ ಟ್ಯೂಬ್, ಒಂದೇ ರೀಡಿಂಗ್. ಲೆಕ್ಕ ಮಾತ್ರ ಬೇರೆ. ರೀಡಿಂಗ್ ಹೀಗುಂಟು. 512 ಹರ್ಟ್ಜ್ ಫೋರ್ಕ್‌ಗೆ ಮೊದಲ ರೆಸೊನೆನ್ಸ್ (ಶಬ್ದ ಜೋರಾದಾಗ ಬಾಯಿಯಿಂದ ನೀರಿನ ತನಕದ ಉದ್ದ) 16.0 ಸೆಂ.ಮೀ., ಎರಡನೆಯದು 50.3. 480ಕ್ಕೆ 17.2 ಮತ್ತು 53.6. 384ಕ್ಕೆ 21.8 ಮತ್ತು 67.3. ಟ್ಯೂಬ್‌ನ ಒಳ ಅಗಲ 3.5 ಸೆಂ.ಮೀ. ಗೋಡೆಯ ಥರ್ಮಾಮೀಟರ್ 30 ಡಿಗ್ರಿ ತೋರಿಸುತ್ತಿತ್ತು, ಅದನ್ನು ಬರೆದುಕೊಂಡೆವು, ಆದರೆ ಎಲ್ಲಿಯೂ ಉಪಯೋಗಿಸಲಿಲ್ಲ.

ನಾನು ಎರಡು ಉದ್ದಗಳ ವ್ಯತ್ಯಾಸ ತೆಗೆದು ಎರಡರಿಂದಲೂ ಫ್ರೀಕ್ವೆನ್ಸಿಯಿಂದಲೂ ಗುಣಿಸಿದೆ. 351.2, 349.4, 349.4 ಬಂತು, ಸರಾಸರಿ ಸೆಕೆಂಡಿಗೆ 350 ಮೀಟರ್. ಅವಳು ಮೊದಲ ಉದ್ದವನ್ನು ಮಾತ್ರ ತೆಗೆದುಕೊಂಡು ನಾಲ್ಕರಿಂದ ಗುಣಿಸಿದಳು. 327.7, 330.2, 334.8, ಸರಾಸರಿ 331. ಪುಸ್ತಕದಲ್ಲಿ 332 ಅಂತ ಇದೆ. ಅವಳ ರೆಕಾರ್ಡಿಗೆ ಟಿಕ್ ಬಿತ್ತು. ನನ್ನದಕ್ಕೆ ಕೆಂಪು ಗೆರೆ ಎಳೆದು ಪುನಃ ಮಾಡಲು ಹೇಳಿದರು. ನಾನು ಎರಡೆರಡು ಸಲ ರೀಡಿಂಗ್ ತೆಗೆದಿದ್ದೆ, ಬೇಜಾರಾಯಿತು. ನನ್ನದರಲ್ಲಿ ತಪ್ಪು ಎಲ್ಲಿ?

ಬಂದರು_ಹುಡುಗ:

ಎಂತ ಮಾರಾಯ್ತಿ ಇಷ್ಟು ತಲೆಬಿಸಿ. 331 ಬರೆದು ಮುಗಿಸಿ. ನಮ್ಮ ಕಾಲದಲ್ಲಿ ಮೊದಲು ಉತ್ತರ ಬರೆದು ಆಮೇಲೆ ರೀಡಿಂಗ್ ಬರೆಯುತ್ತಿದ್ದೆವು. ಟ್ಯೂಬ್‌ಗೆ ನೀರು ಹಾಕಿದ ನೆನಪೇ ಇಲ್ಲ.

ಹಳೇ_ಲ್ಯಾಬ್_ಮಾಸ್ಟ್ರು:

ಬಂದರು ಹುಡುಗ ಹೇಳಿದ್ದನ್ನು ಕೇಳಬೇಡಮ್ಮ. ನಿನ್ನದರಲ್ಲಿ ತಪ್ಪಿಲ್ಲ. ತುಂಬಾ ವರ್ಷ ಈ ಟ್ಯೂಬ್ ಪಕ್ಕದಲ್ಲಿ ನಿಂತವನು ನಾನು, ಇಷ್ಟು ಒಳ್ಳೆಯ ರೀಡಿಂಗ್ ಬಂದ ದಿನ ಕಡಿಮೆ.

ಮೊದಲು ಆ 332 ಎಲ್ಲಿಯದು ನೋಡು. ಅದು ಸೊನ್ನೆ ಡಿಗ್ರಿಯ ಒಣ ಗಾಳಿಯ ಲೆಕ್ಕ. ಸರಿಯಾಗಿ ಹೇಳಬೇಕೆಂದರೆ 331.3. ಮಂಗಳೂರಿನಲ್ಲಿ ಸೊನ್ನೆ ಡಿಗ್ರಿ ಎಲ್ಲುಂಟು? ದಕ್ಕೆಯ ಐಸ್ ಪ್ಲಾಂಟ್ ಒಳಗೆ ಟ್ಯೂಬ್ ಹೊತ್ತುಕೊಂಡು ಹೋದರೆ ಆ ಉತ್ತರ ಬಂದೀತು, ಆದರೆ ಅಲ್ಲಿ ಟ್ಯೂಬಿನ ನೀರೇ ಗಟ್ಟಿಯಾಗುತ್ತದೆ. ಗಾಳಿ ಒಂದೊಂದು ಡಿಗ್ರಿ ಬಿಸಿಯಾದ ಹಾಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಏರುತ್ತದೆ. 30 ಡಿಗ್ರಿಗೆ 18 ಮೀಟರ್ ಆಯಿತು. 331ಕ್ಕೆ 18 ಸೇರಿಸು, 349 ಚಿಲ್ಲರೆ. ನಿನಗೆ ಬಂದದ್ದು 350. ನೀನು ಬರೆದುಕೊಂಡು ಉಪಯೋಗಿಸದೆ ಬಿಟ್ಟ ಆ 30 ಡಿಗ್ರಿಯೇ ನಿನ್ನ ಸಾಕ್ಷಿ.

ಈಗ ನಿನ್ನ ಗೆಳತಿಯ 331. ಇದು ಬಹಳ ಮಜಾ ಇರುವ ತಪ್ಪು. ಟ್ಯೂಬ್‌ನೊಳಗೆ ನೀರಿನ ಮೇಲ್ಮೈಯಲ್ಲಿ ಗಾಳಿ ಅಲುಗಾಡುವ ಹಾಗಿಲ್ಲ, ತೆರೆದ ಬಾಯಿಯಲ್ಲಿ ಅದರ ಕುಣಿತ ಎಲ್ಲಕ್ಕಿಂತ ಜಾಸ್ತಿ. ನಡುವಿನ ಉದ್ದ ಅಲೆಯ ಕಾಲು ಭಾಗ ಆದಾಗ ಮೊದಲ ಸಲ ಶಬ್ದ ಜೋರಾಗುತ್ತದೆ, ಮುಕ್ಕಾಲು ಭಾಗ ಆದಾಗ ಎರಡನೇ ಸಲ. ಆದರೆ ಗಾಳಿಗೆ ಟ್ಯೂಬ್ ಎಲ್ಲಿ ಮುಗಿಯಿತು ಎಂದು ಗೆರೆ ಹಾಕಿ ಹೇಳಿದವರು ಯಾರು? ಬಾಯಿಯಿಂದ ಸ್ವಲ್ಪ ಹೊರಗಿನ ಗಾಳಿಯೂ ಸೇರಿ ಕುಣಿಯುತ್ತದೆ. ಹಾಗಾಗಿ ನಿಜವಾದ ಉದ್ದ ನಾವು ಸ್ಕೇಲಿನಲ್ಲಿ ಓದಿದ್ದಕ್ಕಿಂತ ಸ್ವಲ್ಪ ಜಾಸ್ತಿ. ಟ್ಯೂಬ್‌ನ ಒಳ ಅಗಲದ ಸುಮಾರು 0.3 ಪಾಲು. ಇದಕ್ಕೇ ಎಂಡ್ ಕರೆಕ್ಷನ್ ಅನ್ನುವುದು. 3.5ರ 0.3 ಅಂದರೆ 1.05 ಸೆಂ.ಮೀ. ಅವಳು ಅದನ್ನು ಬಿಟ್ಟಳು. ಉದ್ದ ಕಡಿಮೆ ಹಿಡಿದದ್ದರಿಂದ ವೇಗ ಕಡಿಮೆ ಬಂತು. ಕಡಿಮೆಯಾಗಿ ಬಂದು ಎಲ್ಲಿ ನಿಂತಿತು ಅಂದರೆ, ನಿಮ್ಮ ಲ್ಯಾಬಿಗೆ ಸಂಬಂಧವೇ ಇಲ್ಲದ ಸೊನ್ನೆ ಡಿಗ್ರಿಯ ಸಂಖ್ಯೆಯ ಪಕ್ಕದಲ್ಲಿ. ಎರಡು ತಪ್ಪು ಸೇರಿ ಒಂದು ಟಿಕ್ ಆಯಿತು.

ನಂಬಿಕೆ ಬರದಿದ್ದರೆ ಸರಾಸರಿ ತೆಗೆಯುವ ಮೊದಲಿನ ಅವಳ ಮೂರು ಸಂಖ್ಯೆಗಳನ್ನು ನೋಡು. 512ಕ್ಕೆ 327.7, 480ಕ್ಕೆ 330.2, 384ಕ್ಕೆ 334.8. ಫೋರ್ಕ್‌ನ ಸ್ವರ ಇಳಿದ ಹಾಗೆ ವೇಗ ಮೆಟ್ಟಿಲು ಹತ್ತಿದ ಹಾಗೆ ಏರಿದೆ. ಯಾಕೆ? ಬಿಟ್ಟುಹೋದ ಒಂದು ಸೆಂ.ಮೀ. 16ರಲ್ಲಿ ದೊಡ್ಡ ಪಾಲು, 21.8ರಲ್ಲಿ ಚಿಕ್ಕ ಪಾಲು. ಗಾಳಿಯಲ್ಲಿ ಸ್ವರ ಯಾವುದಾದರೂ ವೇಗ ಒಂದೇ. ಇಲ್ಲದಿದ್ದರೆ ಬಯಲಾಟದಲ್ಲಿ ಗದ್ದೆಯ ಆ ತುದಿಯಲ್ಲಿ ಕೂತವರಿಗೆ ಚೆಂಡೆ ಒಮ್ಮೆ, ಮದ್ದಳೆ ಇನ್ನೊಮ್ಮೆ, ತಾಳ ತಪ್ಪಿ ಕೇಳಬೇಕಿತ್ತು. ಅವಳ ಉದ್ದಕ್ಕೆ 1.05 ಸೇರಿಸಿ ನೋಡು, 349.2, 350.4, 351.0 ಬರುತ್ತದೆ. ಮೆಟ್ಟಿಲು ಹೋಯಿತು, 350 ಬಂತು.

ನೀನು ವ್ಯತ್ಯಾಸ ತೆಗೆದದ್ದರಿಂದ ಆ ಹೆಚ್ಚುವರಿ ತುಂಡು ಎರಡೂ ಕಡೆ ಇದ್ದು ಕಳೆದುಹೋಯಿತು. ಅದನ್ನು ಲೆಕ್ಕ ಹಾಕುವುದೂ ಬೇಕಾಗಿಲ್ಲ. ಬೇಕಿದ್ದರೆ ನಿನ್ನ ರೀಡಿಂಗಿನಿಂದಲೇ ತೆಗೆಯಬಹುದು. ಎರಡನೇ ಉದ್ದದಿಂದ ಮೊದಲಿನದರ ಮೂರು ಪಟ್ಟು ಕಳೆದು ಅರ್ಧ ಮಾಡು. 1.15, 1.0, 0.95 ಬರುತ್ತದೆ. ಅಗಲದಿಂದ ಅಂದಾಜು ಮಾಡಿದ 1.05ರ ಆಚೀಚೆಯೇ ಉಂಟು. ಸುಳ್ಳು ರೀಡಿಂಗ್ ಬರೆದವರಿಗೆ ಇದು ಹೊಂದಿಕೆ ಆಗುವುದೇ ಇಲ್ಲ, ನಾನು ಕಳ್ಳರನ್ನು ಹಿಡಿಯುತ್ತಿದ್ದದ್ದು ಇದರಿಂದಲೇ.

ಮಲ್ಪೆ_ಗಾಳಿ:

ಮಾಸ್ಟ್ರೇ, ಚೆನ್ನಾಗಿ ಹೇಳಿದಿರಿ. ಒಂದು ಸಂಶಯ. ನಮ್ಮ ಕಡೆ ಗಾಳಿಯಲ್ಲಿ ಎಷ್ಟು ನೀರಿನಂಶ ಉಂಟು ಅಂತ ಹೊರಗೆ ಒಣಗಿಸಿದ ಬಟ್ಟೆಗೇ ಗೊತ್ತು. ಹಸಿ ಗಾಳಿ ಭಾರ ಅಲ್ವಾ, ಹಾಗಾದರೆ ಶಬ್ದ ನಿಧಾನ ಆಗಬೇಕಲ್ಲ? ಹುಡುಗಿಗೆ ಬಂದದ್ದು ನಿಮ್ಮ 349 ಚಿಲ್ಲರೆಗಿಂತ ಒಂದು ಚೂರು ಜಾಸ್ತಿಯೇ. ಅದು ಹೇಗೆ?

ಅಣು_ಪರಮಾಣು:

ಹಸಿ ಗಾಳಿ ಭಾರ ಅಂತ ಎಲ್ಲರಿಗೂ ಅನಿಸುತ್ತದೆ, ಬೆವರು ಹತ್ತಿ ನಮಗೇ ಭಾರ ಆಗುವುದರಿಂದ ಇರಬೇಕು. ನಿಜ ಉಲ್ಟಾ. ನೀರಿನ ಆವಿಯ ಅಣುವಿನ ತೂಕ 18, ನೈಟ್ರೋಜನ್‌ನದು 28, ಆಕ್ಸಿಜನ್‌ನದು 32. ಅಷ್ಟೇ ಒತ್ತಡದಲ್ಲಿ ಆವಿ ಒಳಗೆ ಬಂದರೆ ಭಾರದವರು ಅಷ್ಟು ಜಾಗ ಬಿಟ್ಟುಕೊಡಬೇಕು. ಹಾಗಾಗಿ ಹಸಿ ಗಾಳಿ ಹಗುರ, ಶಬ್ದ ಸ್ವಲ್ಪ ಬೇಗ. ಟ್ಯೂಬ್‌ನೊಳಗೆ ಕೆಳಗೆ ನೀರೇ ಇರುವುದರಿಂದ ಅಲ್ಲಿ ಆವಿ ಬೇಕಾದಷ್ಟು. 30 ಡಿಗ್ರಿಯಲ್ಲಿ ಗಾಳಿ ಪೂರ್ತಿ ಆವಿ ತುಂಬಿಕೊಂಡಿದ್ದರೂ ಏರುವುದು ಸೆಕೆಂಡಿಗೆ ಸುಮಾರು 2 ಮೀಟರ್ ಅಷ್ಟೇ.

ಆದರೆ ಹುಡುಗಿಯ 350ರಲ್ಲಿ ಅದು ಕಂಡಿತು ಎಂದು ಹೇಳಲು ಆಗುವುದಿಲ್ಲ. ಶಬ್ದ ಜೋರಾಗುವ ಜಾಗವನ್ನು ಕಿವಿಯಿಂದ ಹಿಡಿಯುವಾಗ 2-3 ಮಿ.ಮೀ. ಆಚೀಚೆ ಆಗಿಯೇ ಆಗುತ್ತದೆ. 34 ಸೆಂ.ಮೀ. ವ್ಯತ್ಯಾಸದಲ್ಲಿ 3 ಮಿ.ಮೀ. ತಪ್ಪಿದರೆ ಉತ್ತರದಲ್ಲಿ 3 ಮೀಟರ್ ಹೋಯಿತು. ಅಂದರೆ ಅವಳ ಉತ್ತರ 350, ಮೂರು ಆಚೆ ಮೂರು ಈಚೆ. ಅದರೊಳಗೆ 349ಕ್ಕೂ ಜಾಗ ಉಂಟು, 351ಕ್ಕೂ ಜಾಗ ಉಂಟು. 331ಕ್ಕೆ ಮಾತ್ರ ಇಲ್ಲ.

ಇನ್ನೊಂದು, ಮಳೆಗಾಲದಲ್ಲಿ ಗಾಳಿಯ ಒತ್ತಡ ಇಳಿಯುತ್ತದೆ, ಅದಕ್ಕೂ ಲೆಕ್ಕ ಬೇಕಾ ಅಂತ ವೈವಾದಲ್ಲಿ ಕೇಳುತ್ತಾರೆ. ಬೇಡ. ಒತ್ತಡ ಇಳಿದರೆ ಸಾಂದ್ರತೆಯೂ ಅಷ್ಟೇ ಇಳಿಯುತ್ತದೆ, ಎರಡೂ ಹೊಡೆದುಹೋಗುತ್ತವೆ. ಉಷ್ಣತೆ ಒಂದನ್ನೇ ಗಟ್ಟಿ ಹಿಡಿದುಕೊಳ್ಳಿ. ನ್ಯೂಟನ್‌ಗೇ ಇಲ್ಲಿ ಎಡವಿತ್ತು. 1687ರ ತನ್ನ ಪ್ರಿನ್ಸಿಪಿಯಾದಲ್ಲಿ, ಶಬ್ದ ಹೋಗುವಾಗ ಗಾಳಿ ಒತ್ತಿಕೊಂಡರೂ ಬಿಸಿಯಾಗುವುದಿಲ್ಲ ಎಂಬ ಹಾಗೆ ಲೆಕ್ಕ ಹಾಕಿದ. ಆ ದಾರಿಯಲ್ಲಿ ಹೋದರೆ ಸೊನ್ನೆ ಡಿಗ್ರಿಗೆ ಬರುವುದು 280 ಮಾತ್ರ. ಸೈಕಲ್ ಪಂಪ್ ಒತ್ತಿದರೆ ಬಿಸಿಯಾಗುತ್ತದಲ್ಲ, ಶಬ್ದದ ಒತ್ತುವಿಕೆಯಲ್ಲೂ ಹಾಗೆಯೇ, ಆ ಬಿಸಿ ಹರಡಿಹೋಗಲು ಸಮಯವೇ ಇರುವುದಿಲ್ಲ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಇದನ್ನು ಸೇರಿಸಿ ಸರಿ ಮಾಡಿದ. ಗಾಳಿಗೆ ಆ ತಿದ್ದುಪಡಿಯ ಸಂಖ್ಯೆ 1.4, 280ನ್ನು ಅದರ ವರ್ಗಮೂಲದಿಂದ ಗುಣಿಸಿದರೆ 331 ಬಂದುಬಿಡುತ್ತದೆ.

ಪಿಯು_ಹುಡುಗಿ_ಕುಡ್ಲ:

ಸರ್, ಮಾಸ್ಟ್ರೇ, ತುಂಬಾ ಥ್ಯಾಂಕ್ಸ್. ಮೆಟ್ಟಿಲಿನ ವಿಷಯ ಓದಿ ನಗು ಬಂತು, ಗೆಳತಿಗೂ ತೋರಿಸಿದೆ. ಅವಳು ಹೇಳುತ್ತಾಳೆ, ಎಂಡ್ ಕರೆಕ್ಷನ್ ಅನ್ನುವುದು ಉತ್ತರ ಬರಿಸಲು ಸೇರಿಸಿದ ಸಂಖ್ಯೆಯ ಹಾಗೆ ಕಾಣುತ್ತದೆ ಅಂತ. ಮನೆಯಲ್ಲಿ ಇದನ್ನು ಇನ್ನೊಮ್ಮೆ ಮಾಡಿ ನೋಡಲು ಆಗುತ್ತದಾ? ಬಾಟಲಿ ಬಾಯಿಗೆ ಊದಿದರೆ ಸಾಕು ಅಂತ ಅಣ್ಣ ಹೇಳಿದ.

ಪ್ಲಂಬರ್_ಮಗ:

ಬಾಟಲಿ ಬೇಡ. ಬಾಟಲಿಗೆ ಊದಿದಾಗ ಬರುವ ಸ್ವರದ ಕಥೆಯೇ ಬೇರೆ. ಅದರಲ್ಲಿ ಕುತ್ತಿಗೆಯಲ್ಲಿರುವ ಗಾಳಿ ಒಂದು ಬಿರಡೆಯ ಹಾಗೆ ಮೇಲೆ ಕೆಳಗೆ ಆಡುತ್ತದೆ, ಹೊಟ್ಟೆಯ ಗಾಳಿ ಸ್ಪ್ರಿಂಗ್ ಹಾಗೆ ತಳ್ಳುತ್ತದೆ. ಕಾಲು ಅಲೆಯ ಲೆಕ್ಕ ಹಾಕಿದರೆ ಏನೇನೋ ಉತ್ತರ ಬರುತ್ತದೆ. ನಿಮಗೆ ಬೇಕಾದದ್ದು ಮೇಲಿಂದ ಕೆಳಗೆ ಒಂದೇ ಅಗಲ ಇರುವ ಪೈಪ್.

ಮನೆಯಲ್ಲಿ ಪಿವಿಸಿ ಪೈಪಿನ ತುಂಡು ಇದ್ದೇ ಇರುತ್ತದೆ. ನೀರಿನ ಪಾತ್ರೆಯಲ್ಲಿ ನೆಟ್ಟಗೆ ಅದ್ದಿ, ಮೇಲೆ ಫೋನ್ ಹಿಡಿದು, ಪೈಪನ್ನೇ ಏರಿಸಿ ಇಳಿಸಿ. ನೀರು ಇದ್ದಲ್ಲೇ ಇರಲಿ. ಫೋನಿಗೆ ಟೋನ್ ಜನರೇಟರ್ ಬೇಕು. ಜರ್ಮನಿಯ ಆಖೆನ್‌ನ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಆ್ಯಪ್ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಅದು ಉಂಟು. ಫ್ರೀಕ್ವೆನ್ಸಿ ನಾವು ಕೊಟ್ಟಷ್ಟೇ ಬರುತ್ತದೆ, ಫೋರ್ಕ್‌ನ ಹಾಗೆ ಬಡಿದು ಬಡಿದು ಕೈ ನೋಯಿಸಬೇಕಾಗಿಲ್ಲ.

ಪಾತ್ರೆಯ ಆಳ ನೋಡಿಕೊಳ್ಳಿ. ಇಲ್ಲಿಯೇ ಎಲ್ಲರೂ ಸೋಲುವುದು. 512 ಹರ್ಟ್ಜ್‌ಗೆ ಎರಡನೇ ಜಾಗ 50 ಸೆಂ.ಮೀ. ಹತ್ತಿರ. ಬಚ್ಚಲಿನ ಬಕೆಟ್ ಅಷ್ಟು ಆಳ ಇಲ್ಲ. ಬಕೆಟ್‌ನಲ್ಲೇ ಮಾಡುವುದಾದರೆ 1000 ಹರ್ಟ್ಜ್ ಇಡಿ. ಆಗ ಮೊದಲ ಜಾಗ 8 ಸೆಂ.ಮೀ. ಸುಮಾರಿಗೆ, ಎರಡನೆಯದು 25ರ ಆಸುಪಾಸು. ಆದರೆ ವ್ಯತ್ಯಾಸ ಬರೀ 17-18 ಸೆಂ.ಮೀ. ಆಗುವುದರಿಂದ ಕಿವಿಯ ಅದೇ 3 ಮಿ.ಮೀ. ತಪ್ಪಿಗೆ 6 ಮೀಟರ್ ಹೋಗುತ್ತದೆ. ಉದ್ದ ಪೈಪ್, ಆಳದ ಡ್ರಮ್, ಕಡಿಮೆ ಫ್ರೀಕ್ವೆನ್ಸಿ, ಅದೇ ಒಳ್ಳೆಯದು.

ಫೋನನ್ನು ಪೈಪಿನ ಬಾಯಿ ಮುಚ್ಚುವ ಹಾಗೆ ಹಿಡಿಯಬೇಡಿ, ಮುಚ್ಚಿದರೆ ಎಂಡ್ ಕರೆಕ್ಷನ್ ಬದಲಾಗುತ್ತದೆ. ಸ್ಪೀಕರ್ ಪಕ್ಕದಲ್ಲಿ ಎರಡು ಬೆರಳು ದೂರ ಇರಲಿ. ಶಬ್ದ ಸಣ್ಣದಿಡಿ, ಜೋರಿಟ್ಟರೆ ಎಲ್ಲ ಕಡೆಯೂ ಜೋರಾಗಿಯೇ ಕೇಳುತ್ತದೆ. ಫ್ಯಾನ್ ಬಂದ್ ಮಾಡಿ. ಪೈಪ್ ಏರಿಸುತ್ತಾ ಒಮ್ಮೆ ಗುರುತು ಹಾಕಿ, ದಾಟಿ ಹೋಗಿ ಇಳಿಸುತ್ತಾ ಇನ್ನೊಮ್ಮೆ ಹಾಕಿ, ನಡುವೆ ತೆಗೆದುಕೊಳ್ಳಿ. ಕೊಡ ತುಂಬುವ ಶಬ್ದ ಏರುವುದನ್ನು ಕೇಳಿಯೇ ನಾವು ನೋಡದೆ ನಳ್ಳಿ ನಿಲ್ಲಿಸುತ್ತೇವಲ್ಲ, ಕಿವಿ ಅಷ್ಟು ಚುರುಕಿನದು, ಆದರೆ ಅದಕ್ಕೆ ಎರಡು ಸಲ ಕೇಳುವ ಅವಕಾಶ ಕೊಡಬೇಕು.

ನಿಮ್ಮ ಗೆಳತಿಯ ಸಂಶಯಕ್ಕೆ ಉತ್ತರ ಬೇಕಾದರೆ ಬೇರೆ ಬೇರೆ ಅಗಲದ ಎರಡು ಪೈಪ್ ತೆಗೆದುಕೊಳ್ಳಿ. ಉತ್ತರ ಬರಿಸಲು ಸೇರಿಸಿದ ಸಂಖ್ಯೆಯಾದರೆ ಅದು ಅಗಲವನ್ನು ಯಾಕೆ ಕೇಳಬೇಕು?

ಹಳೇ_ಲ್ಯಾಬ್_ಮಾಸ್ಟ್ರು:

ಒಳ್ಳೆಯ ಮಾತು. ಫೋರ್ಕ್ ಬಳಸುವವರಿಗೂ ಒಂದು ಮಾತು ಸೇರಿಸುತ್ತೇನೆ. ರಬ್ಬರ್ ಪ್ಯಾಡಿಗೆ ಮೆಲ್ಲಗೆ ಬಡಿಯಿರಿ. ಮೇಜಿನ ಅಂಚಿಗೆ ಬಡಿದರೆ ಮೂಲ ಸ್ವರದ ಆರು ಪಟ್ಟಿಗಿಂತ ಎತ್ತರದ ಕಿಣಿ ಕಿಣಿ ಸ್ವರವೂ ಏಳುತ್ತದೆ, ಅದಕ್ಕೆ ಟ್ಯೂಬ್ ಬೇರೆ ಜಾಗದಲ್ಲಿ ಗುಂಯ್ ಅಂದರೆ ಮಕ್ಕಳು ಅದನ್ನೇ ಬರೆದುಕೊಳ್ಳುತ್ತಾರೆ. ಎರಡನೇ ಉದ್ದ ಮೊದಲನೆಯದರ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಇಲ್ಲದಿದ್ದರೆ ಪುನಃ ಹುಡುಕಬೇಕು. ಮತ್ತೆ, ಥರ್ಮಾಮೀಟರ್ ಗೋಡೆಯಲ್ಲಿ ಅಲ್ಲ, ಟ್ಯೂಬ್‌ನೊಳಗೆ ಇಳಿಬಿಡಬೇಕು. ಬಿಸಿಲಿಗೆ ಕಾದ ಟ್ಯಾಂಕಿನ ನೀರು ತುಂಬಿಸಿದರೆ ಒಳಗಿನ ಗಾಳಿ ಗೋಡೆಯ ಗಾಳಿಯಷ್ಟೇ ಇರುವುದಿಲ್ಲ.

ಗರ್ನಾಲು_ಪ್ರೇಮಿ:

ಇಷ್ಟೆಲ್ಲ ಪೈಪ್ ನೀರು ಯಾಕೆ ಮಾರಾಯ್ರೆ. ನಮ್ಮ ತಾರಸಿಯಿಂದ ದೇವಸ್ಥಾನಕ್ಕೆ ಮ್ಯಾಪಿನಲ್ಲಿ ನೇರ ಒಂದು ಕಿಲೋಮೀಟರ್. ಜಾತ್ರೆ ದಿನ ಗರ್ನಾಲು ಬಿಟ್ಟಾಗ ಬೆಳಕು ಕಂಡ ಕೂಡಲೇ ಸ್ಟಾಪ್‌ವಾಚ್ ಒತ್ತಿ, ಶಬ್ದ ಬಂದಾಗ ನಿಲ್ಲಿಸಿದೆ. 2.7ರಿಂದ 3.1 ಸೆಕೆಂಡ್ ತನಕ ಬಂತು. ಸರಾಸರಿ 2.9, ಅಂದರೆ 345. ಆಯಿತಲ್ಲ?

ಅಣು_ಪರಮಾಣು:

ಸರಾಸರಿಯನ್ನು ಬಿಡಿ, ಎರಡು ತುದಿ ನೋಡಿ. 2.7ಕ್ಕೆ 370, 3.1ಕ್ಕೆ 323. ಹುಡುಗಿಯೂ ಗೆಳತಿಯೂ ಇಬ್ಬರೂ ಅದರೊಳಗೆ ಆರಾಮಾಗಿ ಕೂರುತ್ತಾರೆ, ಜಗಳ ತೀರುವುದಿಲ್ಲ. ಬೆರಳು ಒತ್ತುವುದರಲ್ಲೇ 0.2 ಸೆಕೆಂಡ್ ಆಚೀಚೆ ಆಗುತ್ತದೆ. ದೂರ ಜಾಸ್ತಿ ಮಾಡಿದರೆ ಮಾತ್ರ ಈ ದಾರಿ ಒಳ್ಳೆಯದು.

ಆದರೆ ನಿಮ್ಮ ಐಡಿಯಾಗೆ ದೊಡ್ಡ ಹಿರಿಯರಿದ್ದಾರೆ. ಮದ್ರಾಸಿನ ಖಗೋಳ ವೀಕ್ಷಣಾಲಯದ ಜಾನ್ ಗೋಲ್ಡಿಂಗ್‌ಹ್ಯಾಮ್ ಸೇಂಟ್ ಜಾರ್ಜ್ ಕೋಟೆ ಮತ್ತು ಸೇಂಟ್ ಥಾಮಸ್ ಮೌಂಟ್‌ನಲ್ಲಿ ಹಾರಿಸುತ್ತಿದ್ದ ಫಿರಂಗಿಗಳ ಬೆಳಕು ನೋಡಿ, ಶಬ್ದ ಬರುವ ತನಕ ಎಣಿಸಿ ಇದೇ ಲೆಕ್ಕ ಮಾಡಿದ. ಅದು 1823ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ನನಗೆ ಇಷ್ಟವಾದದ್ದು ಏನೆಂದರೆ ಅವನು ಒಂದು ದಿನ ಎಣಿಸಿ ಬಿಡಲಿಲ್ಲ, ತಿಂಗಳುಗಟ್ಟಲೆ ಎಣಿಸಿದ, ಪ್ರತಿ ಸಲ ಥರ್ಮಾಮೀಟರ್ ನೋಡಿ ಬರೆದ. ನಮ್ಮ ಲ್ಯಾಬ್ ರೆಕಾರ್ಡ್‌ಗಳಲ್ಲಿ ಕಾಣದ ಕಾಲಂ ಅದೇ.

ಬಂದರು_ಹುಡುಗ:

ನಾನು ಸುಮ್ನೆ ಹೇಳಿದ್ದು, ಎಲ್ಲರೂ ಸೇರಿ ನನ್ನ ಮರ್ಯಾದೆ ತೆಗೆದಿರಿ. ಈಗ ನನಗೂ ಪೈಪ್ ಹುಡುಕಬೇಕು ಅನಿಸುತ್ತಿದೆ.

ಪಿಯು_ಹುಡುಗಿ_ಕುಡ್ಲ:

ಮಾಡಿದೆವು! ಭಾನುವಾರ ಗೆಳತಿ ಮನೆಗೆ ಬಂದಿದ್ದಳು. ಬಾವಿಕಟ್ಟೆಯ ಹತ್ತಿರ ಮಳೆನೀರು ಹಿಡಿಯುವ ನೀಲಿ ಡ್ರಮ್ ಉಂಟು, ಅದರಲ್ಲೇ ಮಾಡಿದೆವು. ಮೊದಲು ಅರ್ಧ ಗಂಟೆ ಏನೂ ಸಿಗಲಿಲ್ಲ, ಯಾಕೆಂದರೆ ಫೋನ್ ಫುಲ್ ವಾಲ್ಯೂಮ್‌ನಲ್ಲಿತ್ತು. ಅಜ್ಜಿ ಬಂದು ಇದೆಂತ ಕರ್ಕಶ ಅಂತ ಬೈದ ಮೇಲೆ ಶಬ್ದ ಕಡಿಮೆ ಮಾಡಿದೆವು, ಆಗ ಸಿಕ್ಕಿತು.

512 ಹರ್ಟ್ಜ್ ಇಟ್ಟು ಎರಡು ಪೈಪ್‌ನಲ್ಲಿ ನೋಡಿದೆವು. ಒಳ ಅಗಲ 2.5 ಸೆಂ.ಮೀ. ಇರುವ ಪೈಪ್‌ಗೆ 16.2 ಮತ್ತು 50.2. ಅಗಲ 5 ಸೆಂ.ಮೀ. ಇರುವುದಕ್ಕೆ 15.4 ಮತ್ತು 49.4. ಎರಡರಲ್ಲೂ ವ್ಯತ್ಯಾಸ 34.0, ವೇಗ 348. ಬಾವಿ ನೀರು ಸೇರಿದ್ದರಿಂದ ಪೈಪ್‌ನೊಳಗೆ 28 ಡಿಗ್ರಿ ಇತ್ತು. ಎಂಡ್ ಕರೆಕ್ಷನ್ ಸಣ್ಣ ಪೈಪ್‌ಗೆ 0.8, ದೊಡ್ಡದಕ್ಕೆ 1.6. ಅಗಲ ಎರಡು ಪಟ್ಟು, ಅದೂ ಎರಡು ಪಟ್ಟು. ಗೆಳತಿ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ತನ್ನ ರೆಕಾರ್ಡ್ ತೆಗೆದು ತಾನೇ ಮೂರು ಉತ್ತರವನ್ನೂ ಹೊಡೆದು ಹಾಕಿದಳು.

ಸೋಮವಾರ ಸರ್‌ಗೆ ತೋರಿಸಿದೆವು. ಅವರು ಎರಡೂ ರೆಕಾರ್ಡ್ ಪಕ್ಕ ಪಕ್ಕ ಇಟ್ಟು ನೋಡಿ, ನನ್ನ ಕೆಂಪು ಗೆರೆಯ ಮೇಲೆ ಸಹಿ ಹಾಕಿ, ಉಷ್ಣತೆಯನ್ನು ಟೇಬಲ್ಲಿನ ಮೇಲೆ ದೊಡ್ಡದಾಗಿ ಬರೆಯಲು ಹೇಳಿದರು. ಅವಳು ಹೊಡೆದು ಹಾಕಿದ್ದಕ್ಕೆ ಹಾಕಿದ್ದ ಟಿಕ್ ಹಾಗೇ ಉಂಟು. ಅದನ್ನು ಏನು ಮಾಡುವುದು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ.